ಎದುರುತ್ತರದ ದಿಕ್ಕು

ಭಗವಂತನ ದಯೆಯಿಂದ ಆ ಮನೆಯಲ್ಲಿ ಎದುರುತ್ತರವನ್ನು ಸಂಪೂರ್ಣವಾಗಿ ನಿಷೇಧಿಸಲಾಗಿತ್ತು. ನಿಷೇಧ ಹೊರಡಿಸಿದವರು ಅಪ್ಪ. ಕಚೇರಿಯಲ್ಲಿ ಸುತ್ತೋಲೆಗಳ ಕರಡು ತಿದ್ದುವುದು ಅವರ ಕೆಲಸ. ನಿಯಮಕ್ಕೆ ಅದರ ಪದಗಳಲ್ಲಿರುವಷ್ಟೇ ಅರ್ಥ, ಹೆಚ್ಚೂ ಇಲ್ಲ ಕಡಿಮೆಯೂ ಇಲ್ಲ ಎಂಬುದು ಅವರ ನಂಬಿಕೆ. ದೇವರ ಮೇಲಿನ ನಂಬಿಕೆ ಅದಕ್ಕಿಂತ ಕೂದಲೆಳೆಯಷ್ಟು ಹೆಚ್ಚು.

ಹದಿನೈದರ ಮಗಳು ಶಾಲೆಯ ಫುಟ್‌ಬಾಲ್ ತಂಡಕ್ಕೆ ಗೋಲ್‌ಕೀಪರ್ ಆಗಿ ಆಯ್ಕೆಯಾದಳು. ಶನಿವಾರ ಪಕ್ಕದ ಊರಿನಲ್ಲಿ ಪಂದ್ಯ. ಅಪ್ಪ ಪತ್ರಿಕೆಯಿಂದ ತಲೆಯೆತ್ತದೆ "ಬೇಡ" ಎಂದರು.

"ಯಾಕಪ್ಪಾ?"

"ಎದುರು ಮಾತಾಡ್ಬೇಡ."

ವಿಧೇಯಳಾದ ಹುಡುಗಿ ಕುರ್ಚಿಯನ್ನು ಸುತ್ತಿಕೊಂಡು ಹಿಂದೆ ಹೋಗಿ ನಿಂತು, "ಈಗ ಹೇಳಿ, ಯಾಕೆ?" ಎಂದಳು.

ಅಪ್ಪ ತಬ್ಬಿಬ್ಬಾದರು. ನಿಯಮದ ಪ್ರಕಾರ ಅವಳದು ತಪ್ಪಿರಲಿಲ್ಲ. ಯೋಚಿಸಿ ಒಂದು ತಿದ್ದುಪಡಿ ತಂದರು: "ಬೆನ್ನ ಹಿಂದೆ ಮಾತಾಡೋದು ಪಾಪ ಕಣಮ್ಮ."

ಮಗಳು ಪಕ್ಕಕ್ಕೆ ಬಂದಳು. ಸೌಟು ಹಿಡಿದು ಬಾಗಿಲಲ್ಲಿ ನಿಂತಿದ್ದ ಅಮ್ಮ, "ಒಂದೇ ಪಕ್ಕದ ಮಾತು ಕೇಳಿದ್ರೆ ಪಕ್ಷಪಾತ ಆಗಲ್ವೇನ್ರೀ?" ಎನ್ನುತ್ತಾ ಇನ್ನೊಂದು ಪಕ್ಕ ಹಿಡಿದರು. "ಕಳಿಸ್ರೀ, ಪಾಪ." ಎರಡು ಕಿವಿಗೂ ಏಕಕಾಲಕ್ಕೆ ಅಹವಾಲು ಬೀಳತೊಡಗಿದಾಗ ಅಪ್ಪ ಎಡಬಲಗಳನ್ನೂ ನಿಷೇಧಿಸಿದರು. ಮಾತಾಡಲು ಯಾವ ದಿಕ್ಕೂ ಉಳಿಯಲಿಲ್ಲ.

ದಿಕ್ಕಿಲ್ಲದವರಿಗೆ ದೇವರೇ ದಿಕ್ಕು.

ಸಂಜೆ ಮೂವರೂ ಕಣ್ಣು ಮುಚ್ಚಿ ಪ್ರಾರ್ಥನೆಗೆ ಕುಳಿತಾಗ ಮಗಳು ಗಟ್ಟಿಯಾಗಿ, "ದೇವರೇ, ಶನಿವಾರ ಪಂದ್ಯ ಇದೆ. ಹೋಗ್ಲಾ?" ಎಂದಳು.

ದೇವರ ಹೆಸರಲ್ಲಿ ಮನೆ ಆಳುವ ನಮ್ಮಂಥ ಭಕ್ತರಿಗೆ, ಮಕ್ಕಳು ನೇರವಾಗಿ ದೇವರನ್ನೇ ಹಿಡಿದುಬಿಟ್ಟರೆ ದೊಡ್ಡ ಪೇಚಾಟ. ಬೇಡವೆನ್ನುವಂತಿಲ್ಲ. ಅಪ್ಪನೂ ಕಣ್ಣು ಮುಚ್ಚಿಯೇ, "ದೇವರೇ, ಇವಳಿಗೆ ಬುದ್ಧಿ ಕೊಡು" ಎಂದರು.

"ದೇವರೇ," ಅಮ್ಮ ಕೈಮುಗಿದರು, "ಇವರು ಇವಳ ವಯಸ್ಸಲ್ಲಿ ಗೋಡೆ ಹಾರಿ ಸರ್ಕಸ್ ನೋಡೋಕೆ ಹೋಗ್ತಿದ್ರಂತೆ. ಅತ್ತೆ ಹೇಳ್ತಿದ್ರು."

"ದೇವರೇ, ಅದೆಲ್ಲ ನಿನಗೆ ಗೊತ್ತಿರೋದೇ. ಈಗ ಯಾಕೆ ಕೆದಕಿಸ್ತೀಯ?"

ಮೂವರೂ ಉತ್ತರಕ್ಕೆ ಕಾದರು. ದೇವರು ಏನೂ ಹೇಳಲಿಲ್ಲ. ಮೌನಂ ಸಮ್ಮತಿ ಲಕ್ಷಣಂ ಎಂದು ಅಪ್ಪನೇ ಎಷ್ಟೋ ಕಡತಗಳ ಮೇಲೆ ಷರಾ ಬರೆದಿದ್ದವರು. ಮೇಲಧಿಕಾರಿ ಸಮ್ಮತಿಸಿದ ಮೇಲೆ ಕೆಳಗಿನವರು ತಕರಾರು ಎತ್ತುವ ಪದ್ಧತಿಯಿಲ್ಲ. ಮಗಳು ಕೈಗವಸು ಹುಡುಕಲು ಎದ್ದುಹೋದಳು.

ಅಂದಿನಿಂದ ಮನೆಯ ಸಕಲ ವ್ಯವಹಾರವೂ ಸೂಕ್ತ ಮಾರ್ಗದ ಮೂಲಕವೇ ನಡೆಯಿತು. "ದೇವರೇ, ಉಪ್ಪು ಈ ಕಡೆ ತಳ್ಳಿಸು." "ದೇವರೇ, ಬಚ್ಚಲಲ್ಲಿರೋರು ಬೇಗ ಹೊರಗೆ ಬರಲಿ." ಬೀದಿಯಲ್ಲಿ ಹೋಗುವವರು ಇಷ್ಟೊಂದು ದೈವಸ್ಮರಣೆ ಕೇಳಿ ತಲೆಬಾಗಿದರು. ಎದುರುಮನೆಯಾಕೆ ತನ್ನ ಮಗನಿಗೆ "ನೋಡಿ ಕಲಿಯೋ" ಎಂದಳು. ಅಪ್ಪನಿಗೆ ಸಂಕೋಚವಾಯಿತು, ಸುಳ್ಳೇಕೆ, ಹೆಮ್ಮೆಯೂ ಆಯಿತು.

ಶನಿವಾರ ಮಗಳು ಮೊಣಕಾಲು ತರಚಿಸಿಕೊಂಡು ಬಂದಳು. ಗೇಟಿನ ಬಳಿಯೇ ಶತಪಥ ಹಾಕುತ್ತಿದ್ದ ಅಪ್ಪನಿಗೆ ಕೇಳುವ ಆಸೆ ಗಂಟಲವರೆಗೆ ಬಂದಿತ್ತು. ಆದರೆ ನಿಯಮ ಮಾಡಿದವರೇ ಮುರಿಯುವುದುಂಟೇ? ಕತ್ತಲಾಗುವ ಮುಂಚೆಯೇ ಎಲ್ಲರನ್ನೂ ಪ್ರಾರ್ಥನೆಗೆ ಕೂರಿಸಿದರು.

"ದೇವರೇ, ಎಷ್ಟು ಗೋಲು ಬಿಟ್ಟಳು?"

"ದೇವರೇ, ಒಂದೂ ಬಿಟ್ಟಿಲ್ಲ ಅಂತ ಅಪ್ಪಂಗೆ ಹೇಳಪ್ಪಾ."

ಅಪ್ಪ ಮುಚ್ಚಿದ ಕಣ್ಣುಗಳನ್ನು ಅಂಗಿಯ ತೋಳಿನಿಂದ ಒರೆಸಿಕೊಂಡರು.

"ಭಗವಂತಾ, ಎಲ್ಲ ನಿನ್ನ ದಯೆ. ಮುಂದಿನ ಪಂದ್ಯ ಯಾವಾಗ ಅಂತ ಸ್ವಲ್ಪ ಅವಳನ್ನ ಕೇಳು."