ಅಳತೆ ಸಾಹೇಬರ ಸೊಂಟ

ದರ್ಜಿ: ನಲವತ್ತು.

ಸಾಹೇಬರು: ಮತ್ತೆ ಹಿಡಿ.

ದರ್ಜಿ: ಮೂರು ಸಲ ಹಿಡಿದಾಯ್ತು ಸಾರ್. ಮೂರು ಸಲಾನೂ ನಲವತ್ತೇ.

ಸಾಹೇಬರು: ನಾನು ಮೂವತ್ತಾರು. ಬಟ್ಟೆ ಜೊತೆ ಚೀಟಿ ಬರೆದು ಕಳ್ಸಿದ್ನಲ್ಲ, ಅದನ್ನ ನೋಡ್ಕೊಂಡು ಹಿಡಿ.

ಹೆಂಡತಿ: ಚೀಟಿ ನೋಡ್ಕೊಂಡು ಹಿಡಿಯೋದಾದ್ರೆ ಟೇಪು ಯಾಕ್ರೀ ಬೇಕು?

ದರ್ಜಿಯ ಅಂಗಡಿಯ ನಿಲುವುಗನ್ನಡಿಯ ಮುಂದೆ ಎರಡೂ ಕೈ ಎತ್ತಿಕೊಂಡು ನಿಂತಿದ್ದವರು ತೂಕ ಮತ್ತು ಅಳತೆ ಇಲಾಖೆಯ ಇನ್‌ಸ್ಪೆಕ್ಟರು. ಮೂವತ್ತಮೂರು ವರ್ಷ ಊರಿನ ತಕ್ಕಡಿಗಳನ್ನೆಲ್ಲ ನಡುಗಿಸಿದ ಅವರನ್ನು ಎಲ್ಲರೂ ಕರೆಯುವುದು ಅಳತೆ ಸಾಹೇಬರು ಎಂದೇ. ನಾಳೆ ಅವರಿಗೆ ಬೀಳ್ಕೊಡುಗೆ. ಹೊಸ ಸೂಟು ತೊಟ್ಟು, ವೇದಿಕೆಯ ಮೇಲೆ, ಅಳತೆಯಲ್ಲಿ ಪ್ರಾಮಾಣಿಕತೆ ಎಂಬ ವಿಷಯದ ಬಗ್ಗೆ ಮುಕ್ಕಾಲು ಗಂಟೆ ಮಾತಾಡುವವರಿದ್ದರು. ಸೂಟು ಸಿದ್ಧವಾಗಿ ಗೂಟದಲ್ಲಿ ತೂಗುತ್ತಿತ್ತು. ಸುಮ್ಮನೆ ತೊಟ್ಟುಕೊಂಡು ಹೋಗಬಹುದಿತ್ತು. ಕೊಡುವ ಮುಂಚೆ ಒಂದು ಸಲ ಟೇಪು ಹಿಡಿದು ತಾಳೆ ನೋಡು ಎಂದು ಹೇಳಿ ಮೈಮೇಲೆ ಎಳೆದುಕೊಂಡವರೂ ಅವರೇ.

ಸಾಹೇಬರು: ಊಟ ಆಗಿ ಅರ್ಧ ಗಂಟೆ ಆಗಿಲ್ಲ. ಅದಕ್ಕೊಂದಿಂಚು ಕಳಿ.

ದರ್ಜಿ: ಕಳೆದೆ ಸಾರ್.

ಸಾಹೇಬರು: ಜೇಬಲ್ಲಿ ಕರ್ಚೀಫಿದೆ. ಅದಕ್ಕೊಂದು ಅರ್ಧ.

ಹೆಂಡತಿ: ಕರ್ಚೀಫು ನನ್ನ ಕೈಯಲ್ಲಿದೆ.

ಸಾಹೇಬರು: ಈಗ ಇದೆ. ಇಷ್ಟೊತ್ತು ಜೇಬಲ್ಲಿತ್ತಲ್ಲ, ಉಬ್ಬು ಹಾಗೇ ನಿಂತಿರುತ್ತೆ.

ಹೆಂಡತಿ: ಮೊದ್ಲು ಆ ಉಸಿರು ಬಿಡಿ. ಮುಖ ಕೆಂಪಾಗ್ತಿದೆ.

ನಲವತ್ತು ಎಂದು ಕೇಳಿದ ಮೇಲೆ ಬಿಗಿಹಿಡಿದಿದ್ದ ಉಸಿರನ್ನು ಸಾಹೇಬರು ಬಿಟ್ಟರು. ದರ್ಜಿಯ ಕೈಯಿಂದ ಟೇಪು ಜಾರಿತು. ಮೂವತ್ತಾರು ಎಂದು ಕೊನೆಯದಾಗಿ ಅಳೆದದ್ದು ಯಾವಾಗ ಎಂದು ಹೆಂಡತಿ ವಿಚಾರಿಸಿದರು. ಮಗಳು ಶಾಲೆಗೆ ಸೇರಿದ ವರ್ಷ ಎಂದು ಸಾಹೇಬರು ಎದೆಯುಬ್ಬಿಸಿ ಹೇಳಿದರು. ಈಗ ಆ ಮಗಳ ಮಗಳು ಶಾಲೆಗೆ ಹೋಗುತ್ತಾಳೆ ಎಂಬುದನ್ನು ಹೆಂಡತಿ ನೆನಪಿಸಬೇಕಾಯಿತು.

ಸಾಹೇಬರು: ಸಾಕ್ಷಿ ಬೇಕಾ? ಮನೇಲಿ ಹಾಕ್ಕೊಳ್ಳೋ ಪೈಜಾಮ ನನಗೆ ಇವತ್ತಿಗೂ ಸಡಿಲ.

ಹೆಂಡತಿ: ಅದು ಎಲಾಸ್ಟಿಕ್ಕು. ನೀರಿನ ಡ್ರಮ್ಮಿಗೆ ಹಾಕಿದ್ರೂ ಸಡಿಲಾನೇ. ಅಟ್ಟದ ಮೇಲೆ ಗುಂಡಿ ಹಾಕೋಕಾಗದ ಎಂಟು ಪ್ಯಾಂಟು ಬಿದ್ದಿವೆ. ಅವನ್ನ್ಯಾಕೆ ಸಾಕ್ಷಿಗೆ ಕರೆಯಲ್ಲ?

ಸಾಹೇಬರು: ಅವೆಲ್ಲ ಒಗೆದೂ ಒಗೆದೂ ಕುಗ್ಗಿದವು.

ಹೆಂಡತಿ: ಎಂಟೂ? ಅದೂ ಸೊಂಟದ ಹತ್ರ ಮಾತ್ರ? ಕಾಲೆಲ್ಲ ಇದ್ದಷ್ಟೇ ಉದ್ದ ಇವೆ.

ಈಗ ಒಳಗುಟ್ಟು ಹೇಳಿಬಿಡುತ್ತೇನೆ, ಇಲ್ಲದಿದ್ದರೆ ನನಗೇ ತಡೆಯುವುದಿಲ್ಲ. ಎರಡು ವಾರದ ಹಿಂದೆ ಬಟ್ಟೆ ತಂದುಕೊಟ್ಟ ಹೆಂಡತಿ ಆ ಚೀಟಿಯನ್ನು ಹರಿದು ಹಾಕಿದ್ದರು. ಅದರ ಹಿಂದಿನ ಭಾನುವಾರ ಮಧ್ಯಾಹ್ನ ಗಂಡ ಗೊರಕೆ ಹೊಡೆಯುತ್ತಿದ್ದಾಗ ತಾವೇ ಅಳೆದಿದ್ದರು. ನಲವತ್ತಕ್ಕೆ ಹೊಲಿ, ಸೊಂಟದ ಒಳಗಿನ ಬಟ್ಟೆಪಟ್ಟಿಯ ಮೇಲೆ ಮಾತ್ರ ಮೂವತ್ತಾರು ಎಂದು ಬರೆ ಎಂದು ದರ್ಜಿಗೆ ತಾಕೀತು ಮಾಡಿದ್ದರು. ಸಮಾರಂಭದ ದಿನವನ್ನೂ ಒಂದು ವಾರ ಮುಂಚೆ ಎಂದೇ ಹೇಳಿದ್ದರು. ಶುಕ್ರವಾರ ಖಂಡಿತ ಎಂದು ಎದೆ ಮುಟ್ಟಿ ಹೇಳುವ ಆ ದರ್ಜಿ, ಹನ್ನೊಂದು ವರ್ಷದಲ್ಲಿ ಒಂದೇ ಒಂದು ಶುಕ್ರವಾರವನ್ನೂ ಉಳಿಸಿಕೊಂಡವನಲ್ಲ. ಕೇಳಿದರೆ, ತಾನು ಮಾತಿಗೆ ತಪ್ಪುವವನಲ್ಲ, ಪ್ರತಿ ಸಲವೂ ಆ ಸಲ ಮಾತ್ರ ಕರೆಂಟು ಹೋಗಿತ್ತು ಎನ್ನುತ್ತಾನೆ. ಅಂತೂ ಸೂಟು ನಿನ್ನೆ ಮುಗಿದಿತ್ತು. ಇಷ್ಟೆಲ್ಲ ಏರ್ಪಾಡು ಮಾಡಿದ ಮೇಲೆ ಈ ಪುಣ್ಯಾತ್ಮ ಟೇಪು ನೋಡಿ ನಲವತ್ತು ಎಂದು ಬಾಯಿ ಬಿಡಬೇಕೇ? ಕಸುಬಿನ ಅಭ್ಯಾಸ, ಬಾಯಿ ತಡೆಯಲಿಲ್ಲ. ಅವನು ಬಾಯಿ ಬಿಟ್ಟ ಮೇಲೆ ಗಂಡನನ್ನು ಕೆಣಕದೆ ಇರಲು ಹೆಂಡತಿಗೂ ಆಗಲಿಲ್ಲ.

ಹೆಂಡತಿ ಅವನನ್ನು ದುರುಗುಟ್ಟಿ ನೋಡಿ, ಗಂಡನಿಗೆ ಪ್ಯಾಂಟು ಕೊಟ್ಟು ಪರದೆಯ ಹಿಂದಕ್ಕೆ ತಳ್ಳಿದರು. ಎರಡು ನಿಮಿಷದಲ್ಲಿ ಸಾಹೇಬರು ಹೊರಬಂದರು. ಪ್ಯಾಂಟು ಹೇಳಿ ಮಾಡಿಸಿದ ಹಾಗೆ ಕೂತಿತ್ತು. ಒಳಗಿನ ಪಟ್ಟಿಯನ್ನು ಮಗುಚಿ ತೋರಿಸುವಾಗ ಅವರ ಮುಖದಲ್ಲಿ ದೀಪ ಹಚ್ಚಿದಂತಿತ್ತು.

ಸಾಹೇಬರು: ಏನು ಬರೆದಿದೆ? ಓದು. ಮೂವತ್ತಾರು. ನನಗೆ ಸರಿಯಾಗಿ ಕೂತಿದ್ಯೋ ಇಲ್ವೋ?

ದರ್ಜಿ: ಕೂತಿದೆ ಸಾರ್.

ಸಾಹೇಬರು: ಅಂದ್ರೆ ಸುಳ್ಳು ಹೇಳ್ತಿರೋದು ನಿನ್ನ ಟೇಪು. ಕೊಡು ಇಲ್ಲಿ, ಜಪ್ತಿ.

ಸಾಹೇಬರು ಚೀಲದಿಂದ ನೋಟಿಸು ಪುಸ್ತಕ ತೆಗೆದೇಬಿಟ್ಟರು. ನೌಕರಿಯ ಕೊನೆಯ ಕೇಸು ಎಂದು ಖುಷಿಯಿಂದ ಪೆನ್ನಿನ ಮುಚ್ಚಳ ತೆಗೆದರು. ತಪ್ಪು ಟೇಪಿನ ಅಂಗಡಿ ಎಂದು ಹೆಸರು ಬಿದ್ದರೆ ಮುಂದೆ ದರ್ಜಿಗೆ ಬಟ್ಟೆ ಕೊಡುವವರಾರು? ನಿಜ ಹೇಳಿಬಿಡಲೇ ಎಂದು ಅವನು ಕಣ್ಣಲ್ಲೇ ಕೇಳಿದ. ಸ್ವಲ್ಪ ತಾಳು ಎಂದು ಹೆಂಡತಿ ಕೈಸನ್ನೆ ಮಾಡಿದರು.

ಹೆಂಡತಿ: ಬರೆಯೋಕೆ ಮುಂಚೆ ನಿಮ್ಮ ಇಲಾಖೆಯ ಉಕ್ಕಿನ ಅಳತೆಪಟ್ಟಿ ಪಕ್ಕದಲ್ಲಿಟ್ಟು ಟೇಪು ಸರಿಯಿದ್ಯಾ ಅಂತ ನೋಡ್ಬೇಕಲ್ವಾ?

ಸಾಹೇಬರು: ನೋಡೇ ಬರೀತೀನಿ. ಕಾನೂನು.

ಹೆಂಡತಿ: ಹಾಗಾದ್ರೆ ಈಗ್ಲೇ ಹೇಳಿ, ನೋಡಿದ್ಮೇಲೆ ಅಲ್ಲ. ಟೇಪು ಸರಿಯಿದ್ರೆ ಏನು ಒಪ್ಕೋತೀರಿ?

ಸಾಹೇಬರು: ನಾನು ನಲವತ್ತು ಅಂತ ಒಪ್ಕೋತೀನಿ. ಬರೆದು ಬೇಕಾದ್ರೂ ಕೊಡ್ತೀನಿ.

ಹೆಂಡತಿ: ಕೊಡಿ.

ನೋಟಿಸಿನ ಹಿಂಬದಿಯಲ್ಲಿ ಸಾಹೇಬರು ದಿನಾಂಕ ಸಮೇತ ಬರೆದು ಸಹಿ ಹಾಕಿದರು. ಬಟ್ಟೆ ಕತ್ತರಿಸುವ ಮೇಜಿನ ಮೇಲೆ ಟೇಪು ಮಲಗಿತು, ಪಕ್ಕದಲ್ಲಿ ಉಕ್ಕಿನ ಪಟ್ಟಿ. ಸಾಹೇಬರು ಕನ್ನಡಕ ಏರಿಸಿ ಒಂದೊಂದೇ ಇಂಚು ನೋಡುತ್ತಾ ಹೋದರು. ಕೂದಲೆಳೆಯಷ್ಟೂ ವ್ಯತ್ಯಾಸವಿರಲಿಲ್ಲ. ಮತ್ತೆ ಆ ತುದಿಯಿಂದ ನೋಡುತ್ತಾ ಬಂದರು.

ಸಾಹೇಬರು: ಈ ಪಟ್ಟಿ ಕೆಟ್ಟಿದೆ.

ದರ್ಜಿ: ಉಕ್ಕಿನ ಪಟ್ಟಿನಾ ಸಾರ್?

ಹೆಂಡತಿ: ಕೆಟ್ಟಿದ್ರೂ ಕೆಟ್ಟಿರಬಹುದಪ್ಪ. ಆದ್ರೆ ಮೂವತ್ತಮೂರು ವರ್ಷ ಇದನ್ನೇ ಇಟ್ಟು ಊರಿಗೆಲ್ಲ ನೋಟಿಸು ಕೊಟ್ಟಿದ್ರಲ್ಲ. ನಾಳೆ ವೇದಿಕೆ ಮೇಲೆ ಅವ್ರಿಗೆಲ್ಲ ಕ್ಷಮೆ ಕೇಳ್ಬೇಕಾಗುತ್ತೆ. ನಾಲ್ಕಿಂಚು ಬೇಕೋ, ಮೂವತ್ತಮೂರು ವರ್ಷ ಬೇಕೋ, ನೀವೇ ಹೇಳಿ.

ಸಾಹೇಬರು: ಯೋಚನೆ ಮಾಡೋಕೆ ಸ್ವಲ್ಪ ಟೈಮು ಕೊಡು.

ಇದಕ್ಕೂ ಟೈಮು ಬೇಕಾಯಿತಲ್ಲ ಎಂದು ದರ್ಜಿ ತುಟಿ ಕಚ್ಚಿ ನಗು ನುಂಗಿದ. ಹೆಂಡತಿ ಸ್ಟೂಲು ಎಳೆದುಕೊಂಡು ಗಂಡನ ಎದುರಿಗೆ ಕೂತರು.

ಹೆಂಡತಿ: ಇದು ನಿಮ್ಮ ಸೊಂಟ ಅನ್ನೋದನ್ನ ಮರೀರಿ. ಪಕ್ಕದ ಮನೆಯವ್ರದ್ದು ಅಂದ್ಕೊಳ್ಳಿ. ಅವ್ರು ಮೂವತ್ತಾರು ಅಂತಾರೆ, ಟೇಪು ನಲವತ್ತು ಅನ್ನುತ್ತೆ. ನೀವೇನಂತೀರಿ?

ಸಾಹೇಬರು: ಅವನಾ? ನಲವತ್ತೇ. ನಲವತ್ತೆರಡು ಅಂದ್ರೂ ನಂಬ್ತೀನಿ. ಮಹಾ ಸುಳ್ಳುಬುರುಕ.

ಹೇಳಿ ಮುಗಿಸಿದ ಮೇಲೆ ಸಾಹೇಬರು ನಾಲಿಗೆ ಕಚ್ಚಿಕೊಂಡರು. ದರ್ಜಿ ಧೈರ್ಯ ತಂದುಕೊಂಡು ಒಳಪಟ್ಟಿಯ ಗುಟ್ಟನ್ನು ಬಿಚ್ಚಿಟ್ಟ. ಸಾಹೇಬರು ಕನ್ನಡಿಯ ಕಡೆ ತಿರುಗಿ, ಬಹಳ ವರ್ಷಗಳ ನಂತರ ಉಸಿರು ಹಿಡಿಯದೆ ತಮ್ಮನ್ನು ನೋಡಿಕೊಂಡರು. ಹೆಂಡತಿಗೆ ಅಯ್ಯೋ ಪಾಪ ಎನಿಸಿತು. ಇಷ್ಟು ಜಗ್ಗಬಾರದಿತ್ತು, ನಾಳೆ ಮನುಷ್ಯ ಖುಷಿಯಿಂದ ವೇದಿಕೆ ಹತ್ತಿದರೆ ಸಾಕು ಎಂದು ಒಳಗೊಳಗೇ ಮರುಗಿದರು. ಸಾಹೇಬರು ನೋಟಿಸನ್ನು ಪುಸ್ತಕದಿಂದ ಕಿತ್ತು ನಾಲ್ಕು ಚೂರು ಮಾಡಿ, ಟೇಪನ್ನು ಸುತ್ತಿ ದರ್ಜಿಯ ಕೈಗಿಟ್ಟರು.

ಹೆಂಡತಿ: ಬೇಜಾರಾಯ್ತಾ?

ಸಾಹೇಬರು: ಬೇಜಾರು ಯಾಕೆ? ಇಷ್ಟು ವರ್ಷ ನಾನು ಹಿಡಿದಿದ್ದೆಲ್ಲ ಅಳತೆ ಕಡಿಮೆ ಇದ್ದೋರನ್ನ. ಜಾಸ್ತಿ ಇದ್ದೋರನ್ನ ಹಿಡಿಯೋಕೆ ಕಾನೂನೇ ಇಲ್ಲ ಕಣೆ.