ಅಟ್ಟದ ಪಾವಟಿಗೆಗೆ ಅತ್ತೆಯ ಕಾಲಿನ ಅಳತೆ

ಹಳೆಯ ಮನೆಗೆ ಕೈ ಹಚ್ಚಿದವರಿಗೆ ನಗುವ ಮನಸ್ಸು ಇರಲಿ, ಇಲ್ಲದಿರಲಿ, ನಗುವ ಪ್ರಸಂಗಗಳಂತೂ ಕರೆಯದೆಯೇ ಬರುತ್ತಿರುತ್ತವೆ. ನಮಗೆ ಆ ಮನಸ್ಸು ಇರಲಿಲ್ಲ. ಗಜೇಂದ್ರಗಡದ ಈ ಕಲ್ಲಿನ ಮನೆಯಲ್ಲಿ, ಹೋದ ವರ್ಷ ನನ್ನ ಯಜಮಾನರು ತೀರಿಕೊಂಡ ಮೇಲೆ ಉಳಿದವರು ಇಬ್ಬರೇ: ಸಾಲೆಯಲ್ಲಿ ಕಲಿಸುವ ನಾನು ಮತ್ತು ನನ್ನ ಅತ್ತೆ. ಗೋಡೆಯ ಗಾರೆ ಉದುರುತ್ತಿತ್ತು. ಅಟ್ಟಕ್ಕೆ ಹತ್ತುವ ಮರದ ಪಾವಟಿಗೆಗಳನ್ನು ಗೆದ್ದಲು ತಿಂದಿತ್ತು. ದುರಸ್ತಿ ಮಾಡಿಸೋಣ ಎಂದಾಗ ಅತ್ತೆ ಒಪ್ಪಿದರು. ಒಪ್ಪಿ, ಒಂದು ಮಾತು ಸೇರಿಸಿದರು.

“ಪಾವಟಿಗಿ ಮುಗದ ದಿನ ನಾ ನರಗುಂದಕ್ಕ, ಮಗಳ ಮನಿಗೆ ಹೊಕ್ಕೀನಿ. ಮಗಾನ ಹ್ವಾದ ಮ್ಯಾಲೆ ಸೊಸಿಗ್ಯಾಕ ಭಾರ ಆಗ್ಲಿ?”

ಭಾರವಲ್ಲ ಎನ್ನಬೇಕೆಂದುಕೊಂಡೆ. ಆದರೆ “ಚಾ ಮಾಡ್ಲ್ಯಾರಿ?” ಎಂದೆ.

ಯಾರ ಕಾಲಿಗೆ?

ನಮ್ಮ ಬಡಿಗೇರನ ಹತ್ತಿರ ಟೇಪು ಇದೆ. ಆದರೆ ಪಾವಟಿಗೆಯ ಎತ್ತರಕ್ಕೆ ಮಾತ್ರ ಅವನು ಅದನ್ನು ಬಿಚ್ಚುವುದಿಲ್ಲ. ದಿನಾ ಹತ್ತಿಳಿಯುವವರನ್ನು ಗೋಡೆಯ ಪಕ್ಕ ನಿಲ್ಲಿಸಿ, ಕಾಲು ಎತ್ತಲು ಹೇಳಿ, ಅದು ಸಲೀಸಾಗಿ ಎಷ್ಟು ಏಳುತ್ತದೋ ಅಲ್ಲಿ ಪೆನ್ಸಿಲಿನಿಂದ ಗೆರೆ ಎಳೆಯುವುದು ಅವನ ಪದ್ಧತಿ.

“ಹಳೇವು ನಿಮ್ಮ ಯಜಮಾನರ ಕಾಲಿಗೆ ಬರೋಬ್ಬರಿ ಇದ್ವು. ಅವರು ಭಾಳ ಎತ್ತರ. ಈಗ ಯಾರ ಕಾಲಿಗೆ ಮಾಡ್ಲಿ, ಅಕ್ಕೋರ?” ಎಂದು ಕೇಳಿದ.

“ಅತ್ತೀರ ಕಾಲಿಗೆ,” ಎಂದೆ.

“ನಾ ಹೋಗಾಕಿ. ಆಕಿ ಕಾಲಿಗೆ ಮಾಡು,” ಎಂದರು ಅತ್ತೆ.

ನಾನು ಕಾಲು ಎತ್ತಲಿಲ್ಲ. ಅವರೂ ಎತ್ತಲಿಲ್ಲ. ಮೊಣಕಾಲೂರಿ ಕುಳಿತಿದ್ದ ಬಡಿಗೇರ ಇಬ್ಬರ ಪಾದಗಳನ್ನೂ ಬಹಳ ಹೊತ್ತು ನೋಡಿ ಎದ್ದು ನಿಂತ.

“ನೀವಿಬ್ಬರೂ ಹತ್ತಂಗಿಲ್ಲಂದ್ರ, ನಿಮ್ಮ ಬೆಕ್ಕನ್ನರ ಕರೀರಿ. ಅದರ ಕಾಲಿಗೆ ಮಾಡಿ ಕೊಡ್ತೀನಿ.”

ವಾಲಿದ್ದು ಯಾವುದು?

ಗೌಂಡಿ ಗಾರೆ ಹಚ್ಚುವ ಮೊದಲು ಗೋಡೆಗೆ ತೂಗುಗುಂಡಿನ ದಾರ ಇಳಿಬಿಟ್ಟ. “ಅಮ್ಮಾರ, ಗ್ವಾಡಿ ವಾಲೇತಿ ನೋಡ್ರಿ.”

“ಇದು ನಮ್ಮ ಮಾವ ಕಟ್ಟಿಸಿದ ಗ್ವಾಡಿ. ನಿನ್ನ ದಾರ ವಾಲಿರಬೇಕು,” ಎಂದರು ಅತ್ತೆ.

“ದಾರ ಹ್ಯಾಂಗ ವಾಲತೈತ್ರಿ?”

“ಕಲ್ಲಿನ ಗ್ವಾಡಿ ಹ್ಯಾಂಗ ವಾಲತೈತಿ?”

ತನ್ನ ದಾರದ ಮಾನ ಉಳಿಸಲು ಅವನು ಪಡಸಾಲೆಯ ಕಂಬವನ್ನೂ ಪರೀಕ್ಷಿಸಿದ. ಅದೂ ವಾಲಿತ್ತು, ಆದರೆ ಬೇರೆ ಕಡೆಗೆ. ತಲೆಬಾಗಿಲಿನ ಚೌಕಟ್ಟು ಮತ್ತೊಂದು ಕಡೆಗೆ. ಅತ್ತೆ ಎಲ್ಲವನ್ನೂ ನೋಡಿ ಸಮಾಧಾನದಿಂದ ಹೇಳಿದರು:

“ಒಂದಕ್ಕೊಂದು ಆತ್ಕೊಂಡು ನಿಂತಾವ. ಒಂದನ್ನ ನೆಟ್ಟಗ ಮಾಡಿದೆಂದ್ರ ಉಳದಾವು ಬೀಳ್ತಾವ.”

ಗೌಂಡಿ ದಾರವನ್ನು ಸುತ್ತಿ ಕಿಸೆಗೆ ಹಾಕಿಕೊಂಡ. “ಹಂಗಾರ ನಾ ಏನ್ ಮಾಡ್ಲಿರಿ?”

“ಗಾರೆ ಹಚ್ಚು. ಹಗೂರಕ ಹಚ್ಚು. ಗ್ವಾಡಿಗೆ ಎಚ್ಚರ ಆಗಬಾರದು.”

ಕೆಲಸಕ್ಕೆ ಒಳ್ಳೆಯ ದಿನ

ಸೋಮವಾರ ಉಳಿ ಹಿಡಿಯಬಾರದು, ಬಸವಣ್ಣನ ವಾರ ಎಂದರು ಅತ್ತೆ. ಮಂಗಳವಾರ ದೇವಿಯ ವಾರ. ಬುಧವಾರ ಅಮಾವಾಸ್ಯೆ ಬಂತು. ಗುರುವಾರ ಬಡಿಗೇರ ಹೊಸ್ತಿಲು ದಾಟುವಾಗ ಹಲ್ಲಿ ಲೊಚಗುಟ್ಟಿತಂತೆ. ಅವರ ಹೊರತು ಬೇರೆ ಯಾರಿಗೂ ಅದು ಕೇಳಿಸಲಿಲ್ಲ.

ನಾನು ಇಂಥವನ್ನು ನಂಬುವವಳಲ್ಲ. ಆದರೆ ಬಡಿಗೇರ ರೋಣದಿಂದ ಹಲಗೆ ತಂದಾಗ, ಗಂಟುಗಳಿವೆ ಎಂದು ತಿರುಗಿ ಕಳಿಸಿದೆ. ಬೇರೆ ತಂದಾಗ, ಇದರ ಬಣ್ಣ ತೊಲೆಗೆ ಹೊಂದುವುದಿಲ್ಲ ಎಂದೆ.

“ಖರೇ ಐತಿ, ಹೊಂದೂದಿಲ್ಲ,” ಎಂದು ಅತ್ತೆ ಅಡಿಗೆಮನೆಯಿಂದಲೇ ಕೂಗಿದರು. ಹಲಗೆ ಇನ್ನೂ ಅಂಗಳದಲ್ಲಿತ್ತು, ಅವರು ಅದನ್ನು ನೋಡಿಯೇ ಇರಲಿಲ್ಲ.

ಬಡಿಗೇರ ತಲೆಯ ಮೇಲಿನ ಟವೆಲು ತೆಗೆದು ಕಟ್ಟೆಗೆ ಕುಳಿತುಬಿಟ್ಟ. “ಎಲ್ಲಾ ಮನ್ಯಾಗೂ ‘ಲಗೂ ಮುಗಸು’ ಅಂತ ಬೈತಾರ್ರಿ, ಅಕ್ಕೋರ. ಲಗೂ ಮುಗಸ್ತೀನಿ ಅಂದ್ರ ಬೈಯೂ ಮನಿ ಇದೊಂದ!”

ನಿಚ್ಚಣಿಕೆ ಎಲ್ಲಿ?

ಹಳೆಯ ಪಾವಟಿಗೆ ಕಿತ್ತ ಮೇಲೆ ಅಟ್ಟಕ್ಕೆ ಹತ್ತಲು ಒಂದು ಹಗುರ ಬಿದಿರಿನ ನಿಚ್ಚಣಿಕೆ ಇಟ್ಟಿದ್ದೆವು. ಹೀಗಿರುವಾಗ ಒಂದು ರವಿವಾರ ನರಗುಂದದಿಂದ ನಾದಿನಿ ಕಾರು ಮಾಡಿಕೊಂಡು ಬಂದೇಬಿಟ್ಟಳು.

“ನಿಮ್ಮ ಪಾವಟಿಗಿ ಆಗ್ಲಿ ಬಿಡ್ಲಿ, ವೈನಿ, ಇವತ್ತ ಅವ್ವನ್ನ ಕರಕೊಂಡ ಹೋಗಾಕಿ. ಎಲ್ಲದಾಳ?”

ಅಡಿಗೆಮನೆಯಲ್ಲಿ ಇರಲಿಲ್ಲ. ಹಿತ್ತಲಲ್ಲಿ ಇರಲಿಲ್ಲ. ಬಾಜೂ ಮನೆಗೂ ಹೋಗಿರಲಿಲ್ಲ. ಆಗ ನೆತ್ತಿಯ ಮೇಲಿನಿಂದ ದನಿ ಬಂತು:

“ಇಲ್ಲದೀನಿ.”

ಅಟ್ಟದ ಕೆಳಗೆ ಹೋಗಿ ನೋಡಿದರೆ ನಿಚ್ಚಣಿಕೆ ಇರಲಿಲ್ಲ. ಅದರ ತುದಿ ಮೇಲಿನ ಕಿಂಡಿಯಿಂದ ಇಣುಕುತ್ತಿತ್ತು. ಕಾರಿನ ಹಾರ್ನ್ ಕೇಳಿದ್ದೇ ತಡ, ಅತ್ತೆ ಹತ್ತಿ, ಅದನ್ನು ಮೇಲಕ್ಕೆ ಎಳೆದುಕೊಂಡಿದ್ದರು.

“ಅವ್ವಾ! ಮೊಣಕಾಲ ನೋವು ಅಂತಿದ್ದೆಲ್ಲ, ಹ್ಯಾಂಗ ಹತ್ತಿದಿ?” ಎಂದು ನಾದಿನಿ ಚೀರಿದಳು.

“ಹತ್ತಾಕ ನೋವಿಲ್ಲ. ಇಳ್ಯಾಕ ಐತಿ.”

“ವೈನಿ, ನೀವರ ಆಕಿಗೆ ಹೇಳ್ರಿ!”

ತಲೆ ಎತ್ತಿದೆ. ಅಂದು ಹೇಳದೆ ಉಳಿದ ಮಾತು ಆಗ ಹೊರಬಿತ್ತು. “ಪಾವಟಿಗಿ ನಿಮ್ಮ ಕಾಲಿಗೇ ಆಗಬೇಕ್ರಿ, ಅತ್ತೀ. ನೀವು ಹೋದ್ರ ಈ ಮನ್ಯಾಗ ನಾ ಯಾರ ಕೂಡ ಚಾ ಕುಡೀಲಿ?”

ಮೇಲಿನಿಂದ ಒಮ್ಮೆ ಮೂಗು ಏರಿಸಿದ್ದು ಕೇಳಿಸಿತು. ಆಮೇಲೆ ಕಿಂಡಿಯಿಂದ ಸೀರೆಯ ಅಂಚು ಕಾಣಿಸಿತು. ಅದರ ಹಿಂದೆಯೇ ಒಂದು ಒಣಕಲು ಪಾದ ಕೆಳಗೆ ಇಳಿದು ಗಾಳಿಯಲ್ಲಿ ನಿಂತಿತು.

“ಏ ಬಡಿಗೇರ, ತಗೊಳ್ಳೋ ಅಳತಿ!”

ಅಂಗಳದಲ್ಲಿ ಹಲಗೆ ಹೆರೆಯುತ್ತಿದ್ದವನು ಪೆನ್ಸಿಲು ಹಿಡಿದು ಓಡಿ ಬಂದ. ತುದಿಗಾಲಲ್ಲಿ ನಿಂತ. ಜಿಗಿದ. ಪಾದ ಕೈಗೆ ಸಿಗಲಿಲ್ಲ.

“ಅಮ್ಮಾರ, ಮೊದಲ ನಿಚ್ಚಣಿಕಿ ಕೆಳಗ ಬಿಡ್ರಿ!”

“ಬಿಡೂದಿಲ್ಲ. ಮೊದಲ ಆ ಕಾರು ನರಗುಂದದ ಹಾದಿ ಹಿಡೀಲಿ.”