ಪೊಲೀಸರಿಗೆ ಹೆಸರಿಟ್ಟ ಕಾಕಾ

ಮುಂಬಯಿ ಪೊಲೀಸರಿಗೆ ಸಂಬಳ ಕೊಡುತ್ತಿದ್ದದ್ದು ಸರಕಾರ, ಹೆಸರಿಡುತ್ತಿದ್ದದ್ದು ಮಾತ್ರ ನಮ್ಮ ಕಾಕಾ. ನೀವು ನಂಬುವುದಿಲ್ಲ, ಗೊತ್ತು. ಪರೇಲಿನಲ್ಲಿ ನಾವಿದ್ದ ಸಾಲುಖೋಲಿಗಳ ಚಾಳಿಗೆ ಬಂದು ಕೇಳಿದ್ದರೆ ನಂಬುತ್ತಿದ್ದಿರಿ!

ಕಾಕಾ ಎಂದರೆ ನಮ್ಮಪ್ಪನ ತಮ್ಮ. ವಿಜಾಪುರದ ಕಡೆಯವನು, ಬಟ್ಟೆ ಗಿರಣಿಯಲ್ಲಿ ಟೈಮ್‌ಕೀಪರ್. ಅರವತ್ತರ ದಶಕದ ಕೊನೆಯಲ್ಲಿ ನೌಕರಿಗೆಂದು ಬಂದ ನಾನು ಇಳಿದುಕೊಂಡದ್ದು ಅವನ ಖೋಲಿಯಲ್ಲೇ. ಬೇರೆಯವರು ಅಂಚೆಚೀಟಿ ಕೂಡಿಹಾಕಿದರೆ ಇವನು ಪೊಲೀಸರ ಅಡ್ಡಹೆಸರು ಕೂಡಿಹಾಕುತ್ತಿದ್ದ. ಬರೀ ಕೂಡಿಹಾಕಿದ್ದರೆ ಯಾರಿಗೇನು ತೊಂದರೆ? ಒಂದೊಂದಕ್ಕೂ ಮೂಲ ಹೇಳುತ್ತಿದ್ದ.

“ಮಾಮಾ ಅಂತ ಯಾಕಂತಾರ ಹೇಳು? ಅವ್ವನ ಅಣ್ಣ ಹೇಳದ ಕೇಳದ ಬರ್ತಾನ, ಚಹಾ ಕುಡೀತಾನ, ಎದ್ದು ಹೋಗು ಅನ್ನಾಕ ಬರೂದಿಲ್ಲ. ಪೊಲೀಸನೂ ಹಂಗ.”

“ಮತ್ತ ಪಾಂಡು?”

“ಮೊದಲು ಭರ್ತಿಯಾದವರೆಲ್ಲಾ ಪಾಂಡುರಂಗರು. ಸಾಹೇಬ ಪಾಂಡು ಅಂತ ಒಬ್ಬನ್ನ ಕರದರ ಹನ್ನೆರಡು ಮಂದಿ ಸಲಾಮ್ ಹೊಡದರು.”

ಠೋಲಾ ಎಂಬ ಇನ್ನೊಂದು ಹೆಸರು ಚಾಳಿನ ಮರದ ಮೆಟ್ಟಿಲಿಗೆ ಲಾಠಿ ಬಡಿದ ಸದ್ದಂತೆ. ಕೋಲು ತಂದು ಬಡಿದೇ ತೋರಿಸಿದ. ನನಗೆ ‘ಢಬ್’ ಎಂದಷ್ಟೇ ಕೇಳಿಸಿತು. ನನ್ನ ಕಿವಿ ಸರಿಯಿಲ್ಲವೆಂದು ತೀರ್ಮಾನವಾಯಿತು. ಆಗ ಹವಾಲ್ದಾರರಿಗೆ ಇನ್ನೂ ನೀಲಿ ಚಡ್ಡಿ, ಹಳದಿ ಟೊಪ್ಪಿಗೆ. ಆ ಹಳದಿ ನೋಡಿ, ಕಡಲೆಹಿಟ್ಟಿನ ಪಲ್ಯದ ನೆನಪಾಗಿ, ಕಾಕಾ ತಾನೇ ಇಟ್ಟ ಹೆಸರು ‘ಝುಣಕಾ’. ಎರಡೇ ವಾರದಲ್ಲಿ ಅದು ಓಣಿಯ ತುಂಬ ಹಬ್ಬಿತು.

ಒಮ್ಮೆ ಇವನ ಸಂಶೋಧನೆ ಮಿತಿ ಮೀರಿತು. ನಡುರಸ್ತೆಯಲ್ಲಿ ಒಬ್ಬ ಹವಾಲ್ದಾರನನ್ನು ನಿಲ್ಲಿಸಿ, “ನಿಮಗ ಪಾಂಡು ಅಂದರ ಸಿಟ್ಟು ಬರ್ತೈತೋ, ಠೋಲಾ ಅಂದರೋ?” ಎಂದು ಕೇಳಿಬಿಟ್ಟ. ಅವನನ್ನು ಪೊಲೀಸ್ ಚೌಕಿಗೆ ಕರೆದೊಯ್ದರು. ಅವನ ಹೆಂಡತಿ ಕಾಕೂ ಅಳುತ್ತ ನನ್ನನ್ನು ಅಲ್ಲಿಗೆ ಅಟ್ಟಿದಳು. ಹೋಗಿ ನೋಡಿದರೆ ಈ ಮಹಾಶಯ ಬೆಂಚಿನ ಮೇಲೆ ಕೂತು, ಹವಾಲ್ದಾರರು ತಮ್ಮ ಇನ್ಸ್‌ಪೆಕ್ಟರನಿಗಿಟ್ಟ ಮೂರು ಹೆಸರು ಬರೆದುಕೊಳ್ಳುತ್ತಿದ್ದ!

ಹೀಗಿರುವಾಗ ಅವನ ಒಬ್ಬಳೇ ಮಗಳು ಶಾಂತಾ, ಆಸ್ಪತ್ರೆಯಲ್ಲಿ ನರ್ಸ್, ಒಂದು ಸಂಜೆ ರೊಟ್ಟಿ ಬಡಿಯುತ್ತಲೇ ಹೇಳಿದಳು: “ಅಪ್ಪಾ, ನಾ ಬಸವರಾಜನ್ನ ಲಗ್ನಾ ಆಗ್ತೀನಿ. ಗೋಕಾಕದ ಕಡ್ಯಾಂವ. ಪೊಲೀಸ. ನಾಕಾದಾಗ ಟ್ರಾಫಿಕ್ ಡ್ಯೂಟಿ.”

ಕಾಕಾ ಮೂರು ದಿನ ಗಿರಣಿಯಿಂದ ತಡವಾಗಿ ಮನೆಗೆ ಬಂದ. ನಾಲ್ಕನೆಯ ದಿನ ನನ್ನೆದುರು ಬಾಯಿಬಿಟ್ಟ. “ಹುಡುಗ ಕೆಟ್ಟಾಂವ ಅಂತಲ್ಲೋ. ಝುಣಕಾನ ಹೇಣ್ತಿ ಅಂತಾರ ಅಕೀಗೆ. ಆ ಹೆಸರಿಟ್ಟಾಂವ ನಾನ. ನಾ ಹ್ಯಾಂಗ ಹೂಂ ಅನ್ನಲಿ?”

ನನಗೆ ಮೊದಲ ಸಲ ಅವನ ಮಾತಿಗೆ ನಗು ಬರಲಿಲ್ಲ. ಶಾಂತಾ ಅಪ್ಪನ ಒಪ್ಪಿಗೆಯಿಲ್ಲದೆ ಲಗ್ನ ಆಗುವವಳಲ್ಲ, ಬೇರೆಯವರನ್ನಂತೂ ಆಗುವವಳೇ ಅಲ್ಲ.

ಭಾನುವಾರ ಮಧ್ಯಾಹ್ನ, “ದೂರಿಂದ ನೋಡಿ ಬರೂಣು, ಮಾತಾಡಿಸೂದಿಲ್ಲ” ಎಂದು ನನ್ನನ್ನು ಎಳೆದುಕೊಂಡು ರಸ್ತೆಗಳು ಕೂಡುವ ಆ ನಾಕಾಕ್ಕೆ ಹೋದ. ಎಲೆಯಡಿಕೆ ಅಂಗಡಿಯ ನೆರಳಲ್ಲಿ ನಿಂತೆವು. ಮೇ ತಿಂಗಳ ಬಿಸಿಲಿಗೆ ಡಾಂಬರು ಮೆತ್ತಗಾಗಿತ್ತು. ಅದರ ನಡುವೆ ಹಳದಿ ಟೊಪ್ಪಿಗೆಯ ತೆಳ್ಳಗಿನ ಹುಡುಗನೊಬ್ಬ ಕೈ ಚಾಚಿ ನಿಂತಿದ್ದ. ಅರ್ಧ ಗಂಟೆಯಾದರೂ ಕಾಕಾ ಕದಲದೆ ಅವನನ್ನೇ ನೋಡುತ್ತಿದ್ದ.

ಆ ಕೈ ತಡೆದದ್ದಕ್ಕೆ ನಿಂತ ಟ್ಯಾಕ್ಸಿಯವನೊಬ್ಬ ತಲೆ ಹೊರಗೆ ಹಾಕಿ ಕೂಗಿದ: “ಏ ಪಾಂಡು! ಹಾಥ್ ಹಟಾ!”

ನಾನು ಹಿಡಿಯುವ ಮೊದಲೇ ಕಾಕಾ ರಸ್ತೆಗಿಳಿದಿದ್ದ. ಟ್ಯಾಕ್ಸಿಯ ಬಾಗಿಲಿಗೆ ಕೈಯಿಟ್ಟು ತನ್ನ ಹರಕು ಹಿಂದಿಯಲ್ಲಿ ಹೇಳಿದ: “ಉಸ್ಕಾ ನಾಮ್ ಬಸವರಾಜ್ ಹೈ. ಬಸವರಾಜ್ ಬೋಲೋ.”

ಟ್ಯಾಕ್ಸಿಯವನು ಕಣ್ಣು ಕಣ್ಣು ಬಿಟ್ಟ. ಹುಡುಗ ಅವನಿಗಿಂತ ಹೆಚ್ಚು ಬೆಚ್ಚಿದ. ಕಾಕಾ ಹುಡುಗನ ಕಡೆ ತಿರುಗಿದ. ಕಣ್ಣು ತುಂಬಿದ್ದವು, ಒರೆಸಿಕೊಳ್ಳಲೂ ಇಲ್ಲ.

“ನಾ ಶಾಂತಾನ ಅಪ್ಪ. ಡ್ಯೂಟಿ ಮುಗದ ಮ್ಯಾಲೆ ಊಟಕ್ಕ ಮನಿಗೆ ಬರ್ರಿ.”